ವಾಸೇತರ ಕಟ್ಟಡಗಳ ಆಸ್ತಿ ತೆರಿಗೆ: ಮೌಲ್ಯ ನಿರ್ಧಾರವಾಗುವ ಬಗೆ
(ಉಡುಪಿ, ಮಣಿಪಾಲ, ಕಾಪು ಮತ್ತು ಕಾರ್ಕಳ ಪ್ರದೇಶಗಳ ಆಸ್ತಿ ಮಾಲೀಕರ ಮಾಹಿತಿಗಾಗಿ)

ಅಂಗಡಿ ಕೋಣೆ, ಹೋಟೆಲು, ವಸತಿಗೃಹ, ಗೋದಾಮು, ಚಿಕಿತ್ಸಾಲಯ, ಕಛೇರಿ, ಕಲ್ಯಾಣ ಮಂಟಪ, ಸಣ್ಣ ಕೈಗಾರಿಕೆ ಮುಂತಾದ ವಾಸೇತರ ಉದ್ದೇಶಕ್ಕೆ ಬಳಸಲಾಗುವ ಕಟ್ಟಡಗಳ ಮಾಲೀಕರು ಪ್ರತಿ ಆರ್ಥಿಕ ವರ್ಷ ಸ್ಥಳೀಯ ಸಂಸ್ಥೆಗೆ ಆಸ್ತಿ ತೆರಿಗೆ ಪಾವತಿಸತಕ್ಕದ್ದು. ಈ ತೆರಿಗೆಯ ಮೊತ್ತ ಹೇಗೆ ಬಂತು, ಪಕ್ಕದ ಮನೆಗಿಂತ ತನ್ನ ಅಂಗಡಿಗೆ ಏಕೆ ಹೆಚ್ಚು, ಕಳೆದ ಕೆಲವು ವರ್ಷಗಳಲ್ಲಿ ಏಕೆ ಏರಿತು ಎಂಬ ಪ್ರಶ್ನೆಗಳೊಂದಿಗೆ ಸಾರ್ವಜನಿಕರು ಕಂದಾಯ ಶಾಖೆಗೆ ಬರುವುದು ಸಾಮಾನ್ಯವಾಗಿದೆ. ಲೆಕ್ಕದ ಕ್ರಮವನ್ನು ಮೊದಲೇ ಅರಿತಿದ್ದಲ್ಲಿ ಘೋಷಣಾ ನಮೂನೆಯನ್ನು ತಪ್ಪಿಲ್ಲದೆ ಭರ್ತಿ ಮಾಡುವುದೂ, ತಪ್ಪಾಗಿದ್ದಲ್ಲಿ ಸರಿಯಾದ ಕಡೆ ಆಕ್ಷೇಪಣೆ ಸಲ್ಲಿಸುವುದೂ ಸುಲಭವಾಗುತ್ತದೆ.

ಯಾವ ಕಟ್ಟಡ ಯಾವ ಸಂಸ್ಥೆಗೆ ಸೇರಿದೆ

ಉಡುಪಿ ನಗರ ಮತ್ತು ಮಣಿಪಾಲದ ಬಹುಭಾಗ ಉಡುಪಿ ನಗರಸಭೆಯ ವ್ಯಾಪ್ತಿಯಲ್ಲಿದೆ. ಕಾರ್ಕಳ ಮತ್ತು ಕಾಪು ಪಟ್ಟಣಗಳಲ್ಲಿ ಪುರಸಭೆಗಳಿವೆ. ಈ ಮೂರೂ ಸಂಸ್ಥೆಗಳಿಗೆ ಕರ್ನಾಟಕ ಪುರಸಭೆಗಳ ಅಧಿನಿಯಮ 1964 ಅನ್ವಯವಾಗುತ್ತದೆ. ನಗರಸಭೆಯಲ್ಲಿ ಪೌರಾಯುಕ್ತರು, ಪುರಸಭೆಯಲ್ಲಿ ಮುಖ್ಯಾಧಿಕಾರಿಗಳು ಆಡಳಿತದ ಮುಖ್ಯಸ್ಥರಾಗಿದ್ದು, ಅರ್ಜಿಗಳನ್ನು ಅವರ ಹೆಸರಿಗೆ ಬರೆಯತಕ್ಕದ್ದು.

ಅಂಚೆ ವಿಳಾಸವನ್ನು ನೋಡಿ ವ್ಯಾಪ್ತಿಯನ್ನು ತೀರ್ಮಾನಿಸುವುದು ಸರಿಯಲ್ಲ. ಮಣಿಪಾಲವೆಂಬ ವಿಳಾಸವಿದ್ದರೂ 80 ಬಡಗಬೆಟ್ಟು ಗ್ರಾಮ ಪಂಚಾಯತ್ ವ್ಯಾಪ್ತಿಯಲ್ಲಿರುವ ಕಟ್ಟಡಗಳಿವೆ. ಅಂತಹ ಕಟ್ಟಡಗಳಿಗೆ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ 1993ರಂತೆ ಗ್ರಾಮ ಪಂಚಾಯತ್ ತೆರಿಗೆ ವಿಧಿಸುತ್ತದೆ. ದಾಖಲೆಯೂ ಬೇರೆ, ನಮೂನೆ 9 ಮತ್ತು 11. ನಗರ ಸ್ಥಳೀಯ ಸಂಸ್ಥೆಯಲ್ಲಾದರೆ ನಮೂನೆ-3. ಈ ಪುಟದಲ್ಲಿರುವ ಲೆಕ್ಕದ ಕ್ರಮ ನಗರಸಭೆ, ಪುರಸಭೆಗಳಿಗೆ ಮಾತ್ರ ಸಂಬಂಧಿಸಿದ್ದು.

ಬೆಂಗಳೂರಿನ ಕುರಿತು ಪತ್ರಿಕೆಗಳಲ್ಲಿ ಬರುವ ಸುದ್ದಿಗಳನ್ನು ಇಲ್ಲಿಗೆ ಅನ್ವಯಿಸಿಕೊಂಡು ಗೊಂದಲಕ್ಕೊಳಗಾಗುವವರೂ ಇದ್ದಾರೆ. ಬೆಂಗಳೂರು ಮಹಾನಗರದಲ್ಲಿ 2008ರಲ್ಲಿ ಜಾರಿಗೆ ಬಂದದ್ದು ವಲಯವಾರು ಚದರ ಅಡಿ ದರದ ಪದ್ಧತಿ. ಉಡುಪಿ ಜಿಲ್ಲೆಯ ನಗರ ಸ್ಥಳೀಯ ಸಂಸ್ಥೆಗಳಲ್ಲಿರುವುದು ಬಂಡವಾಳ ಮೌಲ್ಯ ಪದ್ಧತಿ. ಅಲ್ಲಿನ ವಲಯಗಳಾಗಲಿ, ಅಲ್ಲಿಗೆಂದು ಘೋಷಿಸಿದ ವಿಶೇಷ ರಿಯಾಯಿತಿಗಳಾಗಲಿ ಇಲ್ಲಿಗೆ ಅನ್ವಯಿಸುವುದಿಲ್ಲ.

ಬಾಡಿಗೆಯಿಂದ ಬಂಡವಾಳ ಮೌಲ್ಯಕ್ಕೆ

ಈ ಕರಾವಳಿ ಭಾಗ 1956ರ ರಾಜ್ಯ ಪುನರ್ವಿಂಗಡಣೆಯ ತನಕ ಮದ್ರಾಸ್ ಆಡಳಿತಕ್ಕೆ ಸೇರಿತ್ತು. ಆಗಿನ ಪುರಸಭೆಗಳು ಮದ್ರಾಸ್ ಜಿಲ್ಲಾ ಪುರಸಭೆಗಳ ಅಧಿನಿಯಮ 1920ರಂತೆ ನಡೆಯುತ್ತಿದ್ದವು. ಅಂದೂ, ಅನಂತರ 1964ರ ಅಧಿನಿಯಮ ಬಂದ ಮೇಲೂ ಬಹುಕಾಲ, ಕಟ್ಟಡವನ್ನು ಬಾಡಿಗೆಗೆ ಕೊಟ್ಟಲ್ಲಿ ವರ್ಷಕ್ಕೆ ಎಷ್ಟು ಬಂದೀತು ಎಂಬ ಅಂದಾಜೇ ತೆರಿಗೆಗೆ ಆಧಾರವಾಗಿತ್ತು. ಸಿಬ್ಬಂದಿ ಸ್ಥಳಕ್ಕೆ ಹೋಗಿ ಅಂದಾಜು ಮಾಡುವುದು, ಮಾಲೀಕರು ತಕರಾರು ಸಲ್ಲಿಸುವುದು, ವರ್ಷಗಟ್ಟಲೆ ತೀರ್ಮಾನವಾಗದೆ ಉಳಿಯುವುದು ನಡೆದಿತ್ತು. ಮುಖಾಮುಖಿ ಇರುವ ಎರಡು ಅಂಗಡಿಗಳಿಗೆ ಬೇರೆ ಬೇರೆ ತೆರಿಗೆ ಇದ್ದ ನಿದರ್ಶನಗಳಿಗೆ ಕೊರತೆಯಿರಲಿಲ್ಲ. ಇಂಗ್ಲೆಂಡಿನಲ್ಲಿ ಇಂದಿಗೂ ಅಂಗಡಿ ಮತ್ತು ಕಛೇರಿಗಳ ತೆರಿಗೆಗೆ ಅಂದಾಜು ವಾರ್ಷಿಕ ಬಾಡಿಗೆಯೇ ಆಧಾರವಾಗಿದ್ದು, ಅಲ್ಲಿ ಅದನ್ನು ಕೆಲವು ವರ್ಷಗಳಿಗೊಮ್ಮೆ ಪರಿಷ್ಕರಿಸಲಾಗುತ್ತದೆ.

ಕರ್ನಾಟಕದಲ್ಲಿ 2001ರಲ್ಲಿ ಪುರಸಭೆಗಳ ಅಧಿನಿಯಮಕ್ಕೆ ತಿದ್ದುಪಡಿ ತಂದು, 2002-03ನೇ ಸಾಲಿನಿಂದ ಸ್ವಯಂ ಘೋಷಣೆಯ ಪದ್ಧತಿಯನ್ನು ಜಾರಿಗೊಳಿಸಲಾಯಿತು. ಬಾಡಿಗೆಯ ಬದಲು ಜಮೀನು ಮತ್ತು ಕಟ್ಟಡದ ಬಂಡವಾಳ ಮೌಲ್ಯ ಆಧಾರವಾಯಿತು. ಅಂದಾಜು ಮಾಡುವ ಹೊಣೆ ಸಿಬ್ಬಂದಿಯಿಂದ ಮಾಲೀಕರಿಗೆ ಬಂತು. ಸಿಬ್ಬಂದಿಗೆ ಪರಿಶೀಲನೆಯ ಹೊಣೆ ಉಳಿಯಿತು. ಆದಕಾರಣ ಇಂದು ನಮೂನೆಯಲ್ಲಿರುವ ತಪ್ಪಿಗೆ ಮೊದಲ ಜವಾಬ್ದಾರಿ ಸಹಿ ಮಾಡಿದ ಮಾಲೀಕರದೇ ಆಗಿರುತ್ತದೆ.

ಆ ಮೇಲೆ ಹಲವು ವರ್ಷ 2005-06ನೇ ಸಾಲಿನ ತೆರಿಗೆಯನ್ನೇ ಆಧಾರವಾಗಿಟ್ಟುಕೊಂಡು, ಮೂರು ವರ್ಷಗಳಿಗೊಮ್ಮೆ ಶೇ. 15ರಷ್ಟು ಹೆಚ್ಚಿಸುವ ಕ್ರಮ ನಡೆದು ಬಂತು. ಜಮೀನಿನ ಬೆಲೆ ಹಲವು ಪಟ್ಟು ಏರಿದರೂ ತೆರಿಗೆ ಹಳೆಯ ಮೌಲ್ಯದ ಮೇಲೆಯೇ ನಿಂತಿತ್ತು. 15ನೇ ಹಣಕಾಸು ಆಯೋಗವು ನಗರ ಸಂಸ್ಥೆಗಳ ಅನುದಾನಕ್ಕೆ ಆಸ್ತಿ ತೆರಿಗೆಯ ಕನಿಷ್ಠ ದರ ನಿಗದಿಪಡಿಸುವ ಷರತ್ತು ವಿಧಿಸಿದ್ದರಿಂದ ರಾಜ್ಯ ಸರ್ಕಾರವು 2021ರಲ್ಲಿ ಮತ್ತೊಂದು ತಿದ್ದುಪಡಿ ತಂದಿತು. ಅದರಂತೆ ಚಾಲ್ತಿಯಲ್ಲಿರುವ ಮಾರ್ಗಸೂಚಿ ಬೆಲೆಯ ಶೇ. 25ರಷ್ಟನ್ನು ತೆರಿಗೆಗೊಳಪಡುವ ಮೌಲ್ಯವೆಂದು ಪರಿಗಣಿಸಲಾಗುತ್ತದೆ. ಶೇಕಡಾವಾರು ಇಳಿದಂತೆ ಕಂಡರೂ ಆಧಾರ ಬೆಲೆ ಹೊಸದಾದುದರಿಂದ ಹಲವು ಅಂಗಡಿಗಳ ತೆರಿಗೆ ಏರಿತು. 2021-22ರ ರಶೀದಿಯನ್ನು ಅದಕ್ಕೆ ಹಿಂದಿನದರೊಂದಿಗೆ ಇಟ್ಟು ನೋಡಿ ಬೆರಗಾದವರಿಗೆ ಇದೇ ಉತ್ತರ.

ಮಾರ್ಗಸೂಚಿ ಬೆಲೆ ಎಂದರೇನು

ಮಾರ್ಗಸೂಚಿ ಬೆಲೆಯನ್ನು ನಗರಸಭೆಯಾಗಲಿ ಪುರಸಭೆಯಾಗಲಿ ನಿಗದಿಪಡಿಸುವುದಿಲ್ಲ. ಕರ್ನಾಟಕ ಮುದ್ರಾಂಕ ಅಧಿನಿಯಮ 1957ರ ಕಲಂ 45-ಬಿ ಅಡಿಯಲ್ಲಿ ರಚಿತವಾದ ಕೇಂದ್ರ ಮೌಲ್ಯಮಾಪನ ಸಮಿತಿಯ ಮೇಲ್ವಿಚಾರಣೆಯಲ್ಲಿ, ನೋಂದಣಿ ಮತ್ತು ಮುದ್ರಾಂಕ ಇಲಾಖೆಯು ಅದನ್ನು ಗ್ರಾಮ, ವಾರ್ಡು, ರಸ್ತೆವಾರು ಸಿದ್ಧಪಡಿಸಿ ಪ್ರಕಟಿಸುತ್ತದೆ. ಜಮೀನು ಕ್ರಯಪತ್ರ ನೋಂದಾಯಿಸುವಾಗ ಮುದ್ರಾಂಕ ಶುಲ್ಕಕ್ಕೆ ಆಧಾರವಾಗುವ ಬೆಲೆಯೂ ಇದೇ. ರಾಜ್ಯಾದ್ಯಂತ ಈ ಬೆಲೆಗಳನ್ನು 2023ರ ಅಕ್ಟೋಬರ್ 1ರಿಂದ ಪರಿಷ್ಕರಿಸಲಾಯಿತು. ಅದರ ಪರಿಣಾಮ ಅನಂತರದ ಸಾಲಿನ ಆಸ್ತಿ ತೆರಿಗೆಯ ಮೇಲೂ ಕಂಡುಬಂತು. ಮಾರ್ಗಸೂಚಿ ಬೆಲೆ ಪರಿಷ್ಕರಣೆಯಾಗದ ವರ್ಷಗಳಲ್ಲಿ ತೆರಿಗೆಯನ್ನು ಶೇ. 3ರಿಂದ ಶೇ. 5ರವರೆಗೆ ಹೆಚ್ಚಿಸಲು ಅವಕಾಶವಿದೆ.

ಕರಾವಳಿಯಲ್ಲಿ ಜಾಗದ ಲೆಕ್ಕ ಸೆಂಟ್ಸ್‌ನಲ್ಲಿ ನಡೆಯುತ್ತದೆ. ನಮೂನೆಯಲ್ಲಿ ಚದರ ಅಡಿ ಅಥವಾ ಚದರ ಮೀಟರ್ ಕೇಳಲಾಗುತ್ತದೆ. ಒಂದು ಸೆಂಟ್ಸ್ ಎಂದರೆ 435.6 ಚದರ ಅಡಿ, ಅಂದರೆ ಸುಮಾರು 40.47 ಚದರ ಮೀಟರ್. ಬೆಲೆಯನ್ನು ಒಂದು ಅಳತೆಯಲ್ಲಿ, ವಿಸ್ತೀರ್ಣವನ್ನು ಇನ್ನೊಂದರಲ್ಲಿ ಬರೆದು ಗುಣಿಸಿದರೆ ಬರುವ ತಪ್ಪು ಸಣ್ಣದಾಗಿರುವುದಿಲ್ಲ.

ಒಂದೇ ಗ್ರಾಮದಲ್ಲಿ ಮುಖ್ಯರಸ್ತೆಗೆ ತಾಗಿದ ಜಾಗದ ಬೆಲೆ ಹೆಚ್ಚು, ಒಳರಸ್ತೆಯದು ಕಡಿಮೆ. ಉಡುಪಿಯಿಂದ ಮಣಿಪಾಲಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 169ಎ ಬದಿಯ ಜಾಗಕ್ಕೂ ಅದರ ಹಿಂದಿನ ಓಣಿಯ ಜಾಗಕ್ಕೂ ಒಂದೇ ಬೆಲೆ ಹಿಡಿದಿದ್ದಲ್ಲಿ ಎಲ್ಲೋ ತಪ್ಪಿದೆ ಎಂದೇ ಅರ್ಥ. ದರ ಪಟ್ಟಿಯ ಜೊತೆಗಿರುವ ವಿಶೇಷ ಸೂಚನೆಗಳನ್ನು ಸಹ ಓದತಕ್ಕದ್ದು. ಮೂಲೆ ನಿವೇಶನ ಮುಂತಾದವಕ್ಕೆ ಹೆಚ್ಚುವರಿ ಅಲ್ಲಿಯೇ ನಮೂದಾಗಿರುತ್ತದೆ.

ಇಲ್ಲಿ ಸಾರ್ವಜನಿಕರು ಗಮನಿಸಬೇಕಾದ ಮುಖ್ಯ ವಿಷಯವೊಂದಿದೆ. ಮಾರ್ಗಸೂಚಿ ಬೆಲೆಯೇ ಹೆಚ್ಚಾಯಿತೆಂದು ಪುರಸಭೆಗೆ ಅರ್ಜಿ ಸಲ್ಲಿಸಿದರೆ ಪ್ರಯೋಜನವಾಗದು. ಅದನ್ನು ಬದಲಾಯಿಸುವ ಅಧಿಕಾರ ಪುರಸಭೆಗಿಲ್ಲ. ಹೊಸ ಬೆಲೆಗಳ ಕರಡು ಪ್ರಕಟವಾದಾಗ ಆಕ್ಷೇಪಣೆ, ಸಲಹೆಗಳಿಗೆ ಕಾಲಾವಕಾಶ ನೀಡಲಾಗುತ್ತದೆ. ಆಗ ಉಪನೋಂದಣಾಧಿಕಾರಿಗಳ ಕಛೇರಿಗೆ ಲಿಖಿತ ಆಕ್ಷೇಪಣೆ ಸಲ್ಲಿಸುವವರು ಬಹಳ ಕಡಿಮೆ. ತೆರಿಗೆ ಚಲನ್ ಕೈಗೆ ಬಂದ ಮೇಲೆ ಆ ಬಾಗಿಲು ಮುಚ್ಚಿರುತ್ತದೆ.

ಕಟ್ಟಡದ ಮೌಲ್ಯ

ಜಾಗದ ಮೌಲ್ಯದೊಂದಿಗೆ ಕಟ್ಟಡದ ಮೌಲ್ಯವನ್ನು ಕೂಡಿಸಲಾಗುತ್ತದೆ. ಇದಕ್ಕೆ ಕಟ್ಟಡದ ವಿಸ್ತೀರ್ಣ, ನಿರ್ಮಾಣದ ಬಗೆ, ವಯಸ್ಸು ಈ ಮೂರು ಅಂಶಗಳು ಬೇಕು. ಆರ್.ಸಿ.ಸಿ. ತಾರಸಿ, ಹಂಚಿನ ಮಾಡು, ತಗಡಿನ ಶೀಟು ಇವಕ್ಕೆ ಬೇರೆ ಬೇರೆ ದರಗಳಿವೆ. ಮುರಕಲ್ಲಿನ ಗೋಡೆ, ಮಂಗಳೂರು ಹಂಚಿನ ಮಾಡು ಇರುವ ಹಳೆಯ ಅಂಗಡಿ ಸಾಲುಗಳು ಕಾರ್ಕಳ ಪೇಟೆಯಲ್ಲಿಯೂ ಉಡುಪಿಯಲ್ಲಿಯೂ ಇನ್ನೂ ಇವೆ. ಅವುಗಳನ್ನು ಆರ್.ಸಿ.ಸಿ. ದರದಲ್ಲಿ ಘೋಷಿಸಿ ವರ್ಷಾನುಗಟ್ಟಲೆ ಹೆಚ್ಚು ತೆರಿಗೆ ಕಟ್ಟುವುದೂ ಉಂಟು, ಹಂಚಿನ ಅಂಗಡಿಯನ್ನು ಕೆಡವಿ ಎರಡು ಮಹಡಿ ಎಬ್ಬಿಸಿದ ಮೇಲೂ ಹಳೆಯ ಹಂಚಿನ ಲೆಕ್ಕದಲ್ಲಿಯೇ ಮುಂದುವರಿಯುವುದೂ ಉಂಟು. ಮೊದಲನೆಯದನ್ನು ಮಾಲೀಕರೇ ಅರ್ಜಿ ಸಲ್ಲಿಸಿ ಸರಿಪಡಿಸಿಕೊಳ್ಳಬೇಕು. ಎರಡನೆಯದು ಸ್ಥಳ ತನಿಖೆಯಲ್ಲಿ ಒಂದಲ್ಲ ಒಂದು ದಿನ ಹೊರಬರುತ್ತದೆ, ದಂಡದೊಂದಿಗೆ.

ವಯಸ್ಸಾದ ಕಟ್ಟಡಕ್ಕೆ ಸವಕಳಿಯನ್ನು ಕಳೆಯಲಾಗುತ್ತದೆ. ಆದುದರಿಂದ ನಿರ್ಮಾಣದ ವರ್ಷವನ್ನು ತೋರಿಸುವ ದಾಖಲೆ ಹಣದ ಬೆಲೆಯುಳ್ಳದ್ದು. ಪರವಾನಗಿ ಪ್ರತಿ, ಕಟ್ಟಡ ಮುಕ್ತಾಯ ಪತ್ರ, ಮೊದಲ ಕಟ್ಟಡ ನಂಬ್ರ ನೀಡಿದ ವರ್ಷದ ರಶೀದಿ ಅಥವಾ ವಿದ್ಯುತ್ ಸಂಪರ್ಕದ ಹಳೆಯ ಬಿಲ್ಲು ಇವುಗಳಲ್ಲಿ ಲಭ್ಯವಿರುವುದನ್ನು ಜೋಪಾನವಾಗಿ ಇರಿಸಿಕೊಳ್ಳುವುದು ಒಳಿತು. ಸವಕಳಿ ಕಟ್ಟಡಕ್ಕೆ ಮಾತ್ರ, ಜಾಗಕ್ಕೆ ಇಲ್ಲ. ಪೇಟೆಯ ನಡುವೆ ಸಣ್ಣ ಹಳೆಯ ಕಟ್ಟಡವಿದ್ದರೂ ತೆರಿಗೆ ಹೆಚ್ಚೆನಿಸಲು ಇದೇ ಕಾರಣ: ಕಟ್ಟಡದ ಬೆಲೆ ಕರಗಿದೆ, ಜಾಗದ ಬೆಲೆ ಬೆಳೆದಿದೆ.

ಮಳೆ ಹೆಚ್ಚಿರುವ ಈ ಜಿಲ್ಲೆಯಲ್ಲಿ ತಾರಸಿಯ ಮೇಲೆ ತಗಡಿನ ಮಾಡು ಹಾಕಿಸುವುದು ರೂಢಿ. ನೀರು ಸೋರದಂತೆ ಹಾಕಿದ ತೆರೆದ ಮಾಡು ಬೇರೆ. ಅದರಡಿ ಗೋಡೆ ಕಟ್ಟಿ ಗೋದಾಮು, ಸಭಾಂಗಣ ಅಥವಾ ಕೆಲಸದವರ ಕೊಠಡಿ ಮಾಡಿಕೊಳ್ಳುವುದು ಬೇರೆ. ಎರಡನೆಯದನ್ನು ಬಳಕೆಯಲ್ಲಿರುವ ವಿಸ್ತೀರ್ಣವೆಂದು ಘೋಷಿಸತಕ್ಕದ್ದು. ಅಂಗಡಿಯ ಮುಂದಿನ ಜಗಲಿಯನ್ನು ಮುಚ್ಚಿ ಕೋಣೆ ಮಾಡಿಕೊಂಡಿದ್ದಲ್ಲಿಯೂ ಹಾಗೆಯೇ.

ಬಳಕೆಯೇ ದರವನ್ನು ತೀರ್ಮಾನಿಸುತ್ತದೆ

ಮೇಲಿನಂತೆ ಬಂದ ಮೌಲ್ಯದ ಮೇಲೆ ಎಷ್ಟು ಶೇಕಡಾ ತೆರಿಗೆ ಎಂಬುದು ಬಳಕೆಯನ್ನು ಅವಲಂಬಿಸಿದೆ. 2021ರ ತಿದ್ದುಪಡಿಯಂತೆ ವಾಸದ ಕಟ್ಟಡಗಳಿಗೆ ಶೇ. 0.2ರಿಂದ 1.5, ವಾಸೇತರ ಕಟ್ಟಡಗಳಿಗೆ ಶೇ. 0.5ರಿಂದ 3, ಖಾಲಿ ನಿವೇಶನಗಳಿಗೆ ಶೇ. 0.2ರಿಂದ 0.5ರ ಮಿತಿಯನ್ನು ನಿಗದಿಪಡಿಸಲಾಗಿದೆ. ಈ ಮಿತಿಯೊಳಗೆ ನಿಖರ ದರವನ್ನು ಆಯಾ ನಗರಸಭೆ, ಪುರಸಭೆ ನಿರ್ಣಯಿಸುವುದರಿಂದ ಉಡುಪಿಯ ದರ ಕಾರ್ಕಳದಲ್ಲಿಯೂ ಇರಬೇಕೆಂದಿಲ್ಲ. ಪ್ರಸಕ್ತ ಸಾಲಿನ ದರವನ್ನು ಆಯಾ ಕಂದಾಯ ಶಾಖೆಯ ಸೂಚನಾ ಫಲಕದಲ್ಲಿ ಅಥವಾ ಸಂಸ್ಥೆಯ ಜಾಲತಾಣದಲ್ಲಿ ನೋಡಿಕೊಳ್ಳತಕ್ಕದ್ದು.

ಬಳಕೆಯೆಂದರೆ ಕಟ್ಟಡದಲ್ಲಿ ವಾಸ್ತವವಾಗಿ ನಡೆಯುತ್ತಿರುವ ಚಟುವಟಿಕೆ. ಪರವಾನಗಿಯಲ್ಲಿ ವಾಸದ ಮನೆಯೆಂದಿದ್ದು ಒಳಗೆ ಚಿಕಿತ್ಸಾಲಯ ನಡೆಯುತ್ತಿದ್ದರೆ ಅದು ವಾಸೇತರವೇ. ಉಡುಪಿಯ ರಥಬೀದಿ ಮತ್ತು ಅದರ ಸುತ್ತಲಿನ ಬೀದಿಗಳಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ ಇರುವ ಕಟ್ಟಡಗಳು ಹಲವು. ಇಂತಹ ಕಡೆ ಇಡೀ ಕಟ್ಟಡಕ್ಕೆ ಒಂದೇ ದರ ಹಾಕಬೇಕಾಗಿಲ್ಲ. ನೆಲ ಅಂತಸ್ತಿನ ಅಂಗಡಿಯ ವಿಸ್ತೀರ್ಣ, ಮಹಡಿಯ ವಾಸದ ವಿಸ್ತೀರ್ಣ ಎರಡನ್ನೂ ನಮೂನೆಯಲ್ಲಿ ಪ್ರತ್ಯೇಕವಾಗಿ ತೋರಿಸಿದಲ್ಲಿ ಆಯಾ ಭಾಗಕ್ಕೆ ಆಯಾ ದರ ಅನ್ವಯವಾಗುತ್ತದೆ. ಪ್ರತ್ಯೇಕಿಸದೆ 'ವಾಣಿಜ್ಯ' ಎಂದು ಒಂದೇ ಸಾಲಿನಲ್ಲಿ ಬರೆದವರು ಮೇಲಿನ ಮನೆಗೂ ಅಂಗಡಿಯ ದರ ಕಟ್ಟುತ್ತಾರೆ. ಈ ಒಂದು ತಪ್ಪಿನಿಂದಾಗುವ ನಷ್ಟ ವರ್ಷದಿಂದ ವರ್ಷಕ್ಕೆ ಯಾರ ಗಮನಕ್ಕೂ ಬಾರದೆ ಸಾಗುತ್ತದೆ.

ಮಣಿಪಾಲದಲ್ಲಿ ಈ ಪ್ರಶ್ನೆ ಬೇರೊಂದು ರೂಪದಲ್ಲಿ ಬರುತ್ತದೆ. ವಿದ್ಯಾರ್ಥಿಗಳು ಹೆಚ್ಚಾಗಿರುವ ಊರಾದುದರಿಂದ ಮನೆಗಳನ್ನೂ ಫ್ಲ್ಯಾಟುಗಳನ್ನೂ ಬಾಡಿಗೆಗೆ ಕೊಡುವುದು ವ್ಯಾಪಕ. ಮನೆಯನ್ನು ಕುಟುಂಬಕ್ಕೆ ವಾಸಕ್ಕಾಗಿ ಬಾಡಿಗೆಗೆ ಕೊಟ್ಟ ಮಾತ್ರಕ್ಕೆ ಅದು ವಾಣಿಜ್ಯ ಕಟ್ಟಡವಾಗುವುದಿಲ್ಲ. ಬಾಡಿಗೆ ಬಂದರೂ ಬಳಕೆ ವಾಸವೇ. ಆದರೆ ಹಾಸಿಗೆಯೊಂದಕ್ಕೆ ಇಷ್ಟು ಎಂದು ದರ ನಿಗದಿಪಡಿಸಿ, ಊಟೋಪಚಾರ ಒದಗಿಸಿ, ಉದ್ದಿಮೆ ಪರವಾನಗಿ ಪಡೆದು ನಡೆಸುವ ಪಿ.ಜಿ. ವಸತಿಗೃಹವನ್ನು ವಾಸದ ಮನೆಯೆಂದು ಘೋಷಿಸಿದ್ದಲ್ಲಿ ಎರಡು ಕಡತಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಆರೋಗ್ಯ ಶಾಖೆಯ ಪರವಾನಗಿ ಪಟ್ಟಿಯನ್ನು ಕಂದಾಯ ಶಾಖೆ ನೋಡುವುದಿಲ್ಲವೆಂಬ ನಂಬಿಕೆ ಸರಿಯಲ್ಲ.

ಬ್ಯಾಂಕು ಶಾಖೆ, ವಿಮಾ ಕಛೇರಿ ಮುಂತಾದವು ಸರ್ಕಾರಿ ಸ್ವಾಮ್ಯದವಾದರೂ ಖಾಸಗಿ ಕಟ್ಟಡದಲ್ಲಿ ಬಾಡಿಗೆಗಿದ್ದಲ್ಲಿ ಆ ಕಟ್ಟಡ ವಾಸೇತರವೇ. ಮಾಲೀಕರಿಗೆ ವಿನಾಯಿತಿ ಇಲ್ಲ. ಕೇಂದ್ರ ಸರ್ಕಾರದ ಸ್ವಂತ ಆಸ್ತಿಗೆ ಸಂವಿಧಾನದ 285ನೇ ಅನುಚ್ಛೇದದಂತೆ ತೆರಿಗೆಯಿಲ್ಲ. ಪೂಜಾಸ್ಥಳಗಳಿಗೆ ಅಧಿನಿಯಮದಲ್ಲಿ ವಿನಾಯಿತಿಯಿದೆ, ಆದರೆ ಅದು ಪೂಜೆಗೆ ಬಳಸುವ ಭಾಗಕ್ಕೆ; ಅದೇ ಆವರಣದಲ್ಲಿ ಬಾಡಿಗೆಗೆ ಕೊಟ್ಟ ಅಂಗಡಿ ಸಾಲಿಗೆ ವಿಸ್ತರಿಸುವುದಿಲ್ಲ. ವಿನಾಯಿತಿ ತಾನಾಗಿ ಬರುವಂತಹುದಲ್ಲ, ದಾಖಲೆಗಳೊಂದಿಗೆ ಅರ್ಜಿ ಸಲ್ಲಿಸಿ ಆದೇಶ ಪಡೆಯತಕ್ಕದ್ದು.

ಅಂಗಡಿ ಖಾಲಿ ಬಿದ್ದಿದೆ, ಬಾಡಿಗೆ ಬರುತ್ತಿಲ್ಲ ಎಂಬುದು ಕೌಂಟರಿನಲ್ಲಿ ಆಗಾಗ ಕೇಳಿಬರುವ ಮಾತು. ಮೌಲ್ಯ ನಿರ್ಧಾರಕ್ಕೆ ಆಧಾರ ಬಾಡಿಗೆ ಅಲ್ಲವಾದುದರಿಂದ ಬೀಗ ಹಾಕಿದ ಮಾತ್ರಕ್ಕೆ ಮೌಲ್ಯದ ಲೆಕ್ಕ ಬದಲಾಗುವುದಿಲ್ಲ. ಅದೇ ಕಾರಣದಿಂದ ಅಂಗಡಿ ಚೆನ್ನಾಗಿ ನಡೆದು ಬಾಡಿಗೆ ದುಪ್ಪಟ್ಟಾದರೂ ತೆರಿಗೆ ಏರುವುದಿಲ್ಲ. ಹಳೆಯ ಪದ್ಧತಿಗೂ ಇಂದಿನದಕ್ಕೂ ಇರುವ ವ್ಯತ್ಯಾಸ ವ್ಯಾಪಾರಿಗಳಿಗೆ ತಟ್ಟುವುದು ಇಲ್ಲಿಯೇ.

ಒಂದು ಮಾದರಿ ಲೆಕ್ಕ

ಕೆಳಗಿನ ಬೆಲೆ ಮತ್ತು ದರಗಳು ಕ್ರಮವನ್ನು ವಿವರಿಸುವುದಕ್ಕಾಗಿ ಊಹಿಸಿಕೊಂಡವು. ಯಾವುದೇ ವಾರ್ಡಿನ ನಿಜವಾದ ದರಗಳಲ್ಲ.

2 ಸೆಂಟ್ಸ್ ಜಾಗದಲ್ಲಿ 600 ಚದರ ಅಡಿಯ ಆರ್.ಸಿ.ಸಿ. ಅಂಗಡಿಯಿದೆ ಎಂದಿಟ್ಟುಕೊಳ್ಳೋಣ. ಜಾಗದ ಮಾರ್ಗಸೂಚಿ ಬೆಲೆ ಸೆಂಟ್ಸ್‌ಗೆ ರೂ. 6,00,000 ಆದಲ್ಲಿ ಜಾಗದ ಮೌಲ್ಯ ರೂ. 12,00,000. ಕಟ್ಟಡಕ್ಕೆ ಚದರ ಅಡಿಗೆ ರೂ. 1,500ರಂತೆ ರೂ. 9,00,000, ಅದರಲ್ಲಿ ವಯಸ್ಸಿನ ಸವಕಳಿ ಶೇ. 10 ಕಳೆದರೆ ರೂ. 8,10,000. ಎರಡೂ ಕೂಡಿ ರೂ. 20,10,000. ಅದರ ಶೇ. 25 ಎಂದರೆ ರೂ. 5,02,500. ಇದು ತೆರಿಗೆಗೊಳಪಡುವ ಮೌಲ್ಯ. ವಾಣಿಜ್ಯ ದರ ಶೇ. 1 ಎಂದಾದರೆ ಆಸ್ತಿ ತೆರಿಗೆ ರೂ. 5,025. ಅದೇ ಕಟ್ಟಡ ವಾಸದ್ದಾಗಿದ್ದು ದರ ಶೇ. 0.5 ಆಗಿದ್ದಲ್ಲಿ ರೂ. 2,512.50 ಮಾತ್ರ.

ತೆರಿಗೆಯ ಮೇಲೆ ಕರಗಳು ಸೇರುತ್ತವೆ. ಆರೋಗ್ಯ ಕರ ಶೇ. 15, ಗ್ರಂಥಾಲಯ ಕರ ಶೇ. 6, ಭಿಕ್ಷುಕರ ಕರ ಶೇ. 3, ಒಟ್ಟು ಶೇ. 24. ಮಾದರಿಯ ಅಂಗಡಿಗೆ ಇದು ರೂ. 1,206. ಅಲ್ಲಿಗೆ ಮೊತ್ತ ರೂ. 6,231. ಈ ಕರಗಳು ಬೇರೆ ಬೇರೆ ಕಾನೂನುಗಳ ಅಡಿಯಲ್ಲಿ ಸಂಗ್ರಹವಾಗಿ ಆಯಾ ಉದ್ದೇಶಕ್ಕೆ ಹೋಗುವಂತಹವು. ಅವುಗಳನ್ನು ಮನ್ನಾ ಮಾಡುವ ಅಧಿಕಾರ ಸ್ಥಳೀಯ ಸಂಸ್ಥೆಗಿಲ್ಲ. ಘನತ್ಯಾಜ್ಯ ನಿರ್ವಹಣಾ ಶುಲ್ಕ ಮತ್ತು ಅನ್ವಯಿಸುವ ಇತರೆ ಕರಗಳು ಚಲನ್‌ನಲ್ಲಿ ಪ್ರತ್ಯೇಕ ಸಾಲಿನಲ್ಲಿ ಕಾಣುತ್ತವೆ. ಆ ಸಾಲುಗಳನ್ನೆಲ್ಲ ಒಟ್ಟಾಗಿ 'ತೆರಿಗೆ ಏರಿಕೆ' ಎಂದು ತಿಳಿಯುವ ಬದಲು ಒಂದೊಂದನ್ನೂ ಪ್ರತ್ಯೇಕವಾಗಿ ಓದುವುದು ಸೂಕ್ತ.

ಪಾವತಿಯ ಕಾಲ ಮತ್ತು ತಡವಾದರೆ ಆಗುವ ಪರಿಣಾಮ

ಆರ್ಥಿಕ ವರ್ಷದ ಮೊದಲ ತಿಂಗಳಾದ ಏಪ್ರಿಲ್‌ನೊಳಗೆ ಪೂರ್ತಿ ತೆರಿಗೆ ಪಾವತಿಸಿದವರಿಗೆ ಶೇ. 5 ರಿಯಾಯಿತಿ ದೊರೆಯುತ್ತದೆ. ಕೆಲವು ವರ್ಷಗಳಲ್ಲಿ ಸರ್ಕಾರವು ಈ ಅವಧಿಯನ್ನು ವಿಸ್ತರಿಸಿರುವುದುಂಟು, ಆದರೆ ವಿಸ್ತರಣೆಯನ್ನು ನಂಬಿ ಕಾಯುವುದು ಜಾಣತನವಲ್ಲ. ಮೇ ಮತ್ತು ಜೂನ್ ತಿಂಗಳಲ್ಲಿ ರಿಯಾಯಿತಿಯೂ ಇಲ್ಲ, ದಂಡವೂ ಇಲ್ಲ. ಜುಲೈ 1ರಿಂದ ಪ್ರತಿ ತಿಂಗಳಿಗೆ ಶೇ. 2ರಂತೆ ದಂಡ ಸೇರುತ್ತದೆ. ಮೇಲಿನ ಮಾದರಿಯಲ್ಲಿ ಏಪ್ರಿಲ್‌ನಲ್ಲಿ ಕಟ್ಟಿದವರಿಗೆ ತೆರಿಗೆಯಲ್ಲಿ ರೂ. 251.25 ಉಳಿತಾಯ; ಮಾರ್ಚ್ ತನಕ ಎಳೆದವರಿಗೆ ಒಂಬತ್ತು ತಿಂಗಳ ದಂಡ ಶೇ. 18, ಅಂದರೆ ರೂ. 904.50 ಹೆಚ್ಚುವರಿ. ವರ್ಷದ ಕೊನೆಗೆ ನಿಲ್ಲುವುದೂ ಅಲ್ಲ, ಬಾಕಿ ಉಳಿದಷ್ಟು ಕಾಲ ಅದು ಬೆಳೆಯುತ್ತದೆ.

ತೆರಿಗೆ ಬಾಕಿಯಿರುವ ಕಟ್ಟಡದಲ್ಲಿ ಉದ್ದಿಮೆ ಪರವಾನಗಿಗೆ ಅರ್ಜಿ ಸಲ್ಲಿಸಿದಾಗ ಪ್ರಸಕ್ತ ಸಾಲಿನ ತೆರಿಗೆ ರಶೀದಿಯನ್ನು ಕೇಳಲಾಗುತ್ತದೆ. ಸಣ್ಣ ಅಂಗಡಿ ತೆರೆಯಲು ಸಾಲ ಮಂಜೂರಾಗಿ, ಮುಂಗಡ ಕೊಟ್ಟು, ಕೊನೆಯ ಹಂತದಲ್ಲಿ ಕಟ್ಟಡದ ಮಾಲೀಕರ ಐದಾರು ವರ್ಷದ ಬಾಕಿ ಎದುರಾದರೆ ತೊಂದರೆಗೊಳಗಾಗುವವರು ಬಾಡಿಗೆದಾರರು. ಇದನ್ನು ತಪ್ಪಿಸಲು ಕರಾರುಪತ್ರ ಬರೆಯುವ ಮೊದಲೇ ಆಸ್ತಿಯ ಪಿ.ಐ.ಡಿ. ಸಂಖ್ಯೆ ಪಡೆದು ಬಾಕಿಯನ್ನು ಪರಿಶೀಲಿಸುವುದು ಅಗತ್ಯ. ತೆರಿಗೆಯ ಹೊಣೆ ಕಾನೂನಿನಂತೆ ಮಾಲೀಕರದು. ಬಾಡಿಗೆದಾರರು ಕಟ್ಟಬೇಕೆಂದು ಕರಾರಿನಲ್ಲಿದ್ದರೆ ಅದು ಅವರಿಬ್ಬರ ನಡುವಿನ ಒಪ್ಪಂದ. ಆ ಒಪ್ಪಂದವನ್ನು ತೋರಿಸಿ ಮಾಲೀಕರು ಹೊಣೆಯಿಂದ ಬಿಡಿಸಿಕೊಳ್ಳಲಾಗದು. ಉದ್ದಿಮೆ ಪರವಾನಗಿ ಶುಲ್ಕ ಈ ತೆರಿಗೆಯಿಂದ ಸಂಪೂರ್ಣ ಬೇರೆಯಾಗಿದ್ದು, ಒಂದನ್ನು ಕಟ್ಟಿದ ರಶೀದಿ ಇನ್ನೊಂದಕ್ಕೆ ಸಲ್ಲುವುದಿಲ್ಲ.

ಕಾಪು ಪುರಸಭಾ ವ್ಯಾಪ್ತಿಯ ಆಸ್ತಿಗಳು

ಕಾಪು, ಉಳಿಯಾರಗೋಳಿ ಮತ್ತು ಮಲ್ಲಾರು ಗ್ರಾಮ ಪಂಚಾಯತ್‌ಗಳನ್ನು ಸೇರಿಸಿ ಕಾಪು ಪುರಸಭೆಯನ್ನು ರಚಿಸಲಾಗಿದ್ದು, ಅದಕ್ಕೆ ಮೊದಲ ಚುನಾವಣೆ 2016ರಲ್ಲಿ ನಡೆಯಿತು. ಅದಕ್ಕೂ ಮೊದಲು ಕಟ್ಟಿದ ಅಂಗಡಿಗಳ ದಾಖಲೆ ಪಂಚಾಯತ್ ಕಾಲದ್ದು. ಆಗಿನ ಕಟ್ಟಡ ನಂಬ್ರ, ವಿಸ್ತೀರ್ಣ, ಬಳಕೆಯ ವಿವರಗಳು ಪುರಸಭೆಯ ವಹಿಗೆ ವರ್ಗವಾಗಿ ಬಂದಿವೆ. ಪಂಚಾಯತ್‌ನಲ್ಲಿ ಅಂದಾಜಿನಿಂದ ಬರೆದ ವಿಸ್ತೀರ್ಣ ಹಾಗೆಯೇ ಮುಂದುವರಿದಿದ್ದಲ್ಲಿ ಬಂಡವಾಳ ಮೌಲ್ಯದ ಲೆಕ್ಕವೂ ತಪ್ಪಾಗುತ್ತದೆ. ಹಳೆಯ ಪಂಚಾಯತ್ ರಶೀದಿಗಳನ್ನು ಹಾಳುಮಾಡದೆ ಇರಿಸಿಕೊಂಡವರಿಗೆ ಕಟ್ಟಡದ ವಯಸ್ಸನ್ನು ತೋರಿಸಲು ಅವೇ ಉತ್ತಮ ಸಾಕ್ಷಿ.

ರಾಷ್ಟ್ರೀಯ ಹೆದ್ದಾರಿ 66ರ ಚತುಷ್ಪಥ ಕಾಮಗಾರಿಗಾಗಿ ಕಾಪು ಭಾಗದಲ್ಲಿ ರಸ್ತೆ ಬದಿಯ ಜಾಗಗಳ ಭೂಸ್ವಾಧೀನ ನಡೆದಿದೆ. ಜಾಗದ ಒಂದಂಶ, ಕೆಲವೆಡೆ ಅಂಗಡಿಯ ಮುಂಭಾಗವೂ ಹೋದ ಮೇಲೆ ಉಳಿದ ವಿಸ್ತೀರ್ಣವನ್ನು ಖಾತೆಯಲ್ಲಿ ತಿದ್ದಿಸಿಕೊಳ್ಳದವರು ಇಲ್ಲದ ಜಾಗಕ್ಕೆ ತೆರಿಗೆ ತೆರುವಂತಾಗುತ್ತದೆ. ಸ್ವಾಧೀನದ ಪರಿಹಾರ ಬಂದೊಡನೆ ಪುರಸಭೆಯ ದಾಖಲೆಯೂ ತಾನಾಗಿ ತಿದ್ದುಪಡಿಯಾಗುತ್ತದೆ ಎಂದು ಭಾವಿಸುವುದು ತಪ್ಪು. ಭೂಸ್ವಾಧೀನ ಆದೇಶದ ಪ್ರತಿ, ತಿದ್ದುಪಡಿಯಾದ ಪಹಣಿ ಅಥವಾ ನಕ್ಷೆ, ಉಳಿದ ಕಟ್ಟಡದ ಅಳತೆ ಇವುಗಳೊಂದಿಗೆ ಅರ್ಜಿ ಸಲ್ಲಿಸತಕ್ಕದ್ದು. ಉಡುಪಿ-ಮಣಿಪಾಲ ರಸ್ತೆಯ ಅಗಲೀಕರಣದಲ್ಲಿ ಜಾಗ ಬಿಟ್ಟವರಿಗೂ ಇದೇ ಕ್ರಮ.

ಖಾತೆ, ಒಡೆತನ ಮತ್ತು ತೆರಿಗೆ ರಶೀದಿ

ತೆರಿಗೆ ಕಟ್ಟಿದ ರಶೀದಿ ಒಡೆತನದ ದಾಖಲೆಯಲ್ಲ. ಉಡುಪಿಯಲ್ಲಿ ಮೂಲಗೇಣಿ ಜಾಗದಲ್ಲಿ ತಲೆಮಾರುಗಳಿಂದ ಅಂಗಡಿ ನಡೆಸಿಕೊಂಡು ಬಂದಿರುವ ಕುಟುಂಬಗಳಿದ್ದು, ಕಟ್ಟಡದ ತೆರಿಗೆಯನ್ನು ತಾವೇ ಕಟ್ಟುತ್ತಿರುವುದರಿಂದ ಜಾಗದ ಹಕ್ಕು ತಮಗಾಯಿತೆಂದು ಭಾವಿಸಿದವರಿದ್ದಾರೆ. ತೆರಿಗೆ ವಹಿ ಯಾರಿಂದ ವಸೂಲಾಗಬೇಕೆಂಬುದನ್ನು ಮಾತ್ರ ತೋರಿಸುತ್ತದೆ. ಹಕ್ಕಿನ ವಿವಾದಗಳನ್ನು ಅದು ತೀರ್ಮಾನಿಸುವುದಿಲ್ಲ.

ಪರವಾನಗಿ ಇಲ್ಲದ ಅಥವಾ ಪರವಾನಗಿಗೆ ವ್ಯತಿರಿಕ್ತವಾಗಿ ಕಟ್ಟಿದ ಕಟ್ಟಡಗಳಿಗೂ ತೆರಿಗೆಯಿಂದ ಬಿಡುಗಡೆಯಿಲ್ಲ. 2024ರ ಸೆಪ್ಟೆಂಬರ್ 10ಕ್ಕೆ ಮೊದಲಿನ ಅನಧಿಕೃತ ಆಸ್ತಿಗಳಿಗೆ ಬಿ-ಖಾತೆ ನೀಡುವ ಕ್ರಮವನ್ನು ಸರ್ಕಾರವು 2025ರಲ್ಲಿ ಜಾರಿಗೆ ತಂದಿತು. ಅಂತಹವುಗಳಿಗೆ ಮೊದಲ ವರ್ಷ ದುಪ್ಪಟ್ಟು ತೆರಿಗೆ. ಬಿ-ಖಾತೆ ದೊರೆತ ಮಾತ್ರಕ್ಕೆ ಕಟ್ಟಡ ಸಕ್ರಮವಾದಂತಲ್ಲ.

ನೋಟಿಸು ಬಂದಾಗ

ಸ್ವಯಂ ಘೋಷಣೆಯನ್ನು ಕಂದಾಯ ಶಾಖೆ ಪರಿಶೀಲಿಸಿ, ಕಂದಾಯ ನಿರೀಕ್ಷಕರು ಅಥವಾ ಕರವಸೂಲಿಗಾರರು ಸ್ಥಳಕ್ಕೆ ಬಂದು ಅಳತೆ ಮಾಡಬಹುದು. ಆ ಸಮಯದಲ್ಲಿ ಮಾಲೀಕರು ಅಥವಾ ಅವರ ಪರವಾಗಿ ತಿಳಿದವರೊಬ್ಬರು ಹಾಜರಿದ್ದು ಅಳತೆಯನ್ನು ತಾವೂ ಬರೆದುಕೊಳ್ಳುವುದು ಮುಂದಿನ ವಾದಕ್ಕೆ ನೆರವಾಗುತ್ತದೆ. ಘೋಷಣೆಗೂ ವಾಸ್ತವಕ್ಕೂ ವ್ಯತ್ಯಾಸ ಕಂಡುಬಂದಲ್ಲಿ ನೋಟಿಸು ನೀಡಿ, ಉತ್ತರಕ್ಕೆ ಅವಕಾಶ ಕೊಟ್ಟು, ಅನಂತರವೇ ವ್ಯತ್ಯಾಸದ ತೆರಿಗೆಯನ್ನೂ ದಂಡವನ್ನೂ ನಿರ್ಧರಿಸಲಾಗುತ್ತದೆ.

ನೋಟಿಸಿಗೆ ಬಾಯಿಮಾತಿನ ಉತ್ತರ ಸಾಲದು. 'ತೆರಿಗೆ ಜಾಸ್ತಿಯಾಗಿದೆ, ಕಡಿಮೆ ಮಾಡಿಕೊಡಿ' ಎಂಬ ಒಂದೇ ಸಾಲಿನ ಅರ್ಜಿಯಿಂದ ಕಡತ ಮುಂದೆ ಹೋಗುವುದಿಲ್ಲ. ತಪ್ಪು ಎಲ್ಲಿದೆ ಎಂದು ಹೆಸರಿಸತಕ್ಕದ್ದು: ಜಾಗದ ವಿಸ್ತೀರ್ಣವೇ, ರಸ್ತೆಯ ವರ್ಗವೇ, ಮಾಡಿನ ಬಗೆಯೇ, ಕಟ್ಟಡದ ವರ್ಷವೇ, ಬಳಕೆಯೇ. ಪ್ರತಿಯೊಂದಕ್ಕೂ ಸಂಬಂಧಿಸಿದ ದಾಖಲೆಯ ನಕಲನ್ನು ಲಗತ್ತಿಸಿ, ಸ್ವೀಕೃತಿ ಮೊಹರು ಇರುವ ಪ್ರತಿಯನ್ನು ಕೇಳಿ ಪಡೆದುಕೊಳ್ಳತಕ್ಕದ್ದು. ಸಕಾಲ ವ್ಯಾಪ್ತಿಗೆ ಬರುವ ಖಾತಾ ಸೇವೆಗಳ ಅರ್ಜಿಗೆ ಸ್ವೀಕೃತಿಯಲ್ಲಿಯೇ ಸಂಖ್ಯೆ ಮತ್ತು ವಿಲೇವಾರಿ ದಿನಾಂಕ ಇರುತ್ತದೆ. ತೀರ್ಮಾನವಾಗುವ ತನಕ ಒಪ್ಪಿಗೆಯಿರುವಷ್ಟು ತೆರಿಗೆಯನ್ನಾದರೂ ಕಟ್ಟಿ ಚಲನ್ ಪಡೆದುಕೊಂಡರೆ ಅಷ್ಟರ ಮಟ್ಟಿಗೆ ದಂಡ ಬೆಳೆಯುವುದು ತಪ್ಪುತ್ತದೆ.

ಸ್ಥಳೀಯ ಸಂಸ್ಥೆಯ ಹಂತದಲ್ಲಿ ಇತ್ಯರ್ಥವಾಗದ ದೂರುಗಳನ್ನು ಮಣಿಪಾಲದ ರಜತಾದ್ರಿಯಲ್ಲಿರುವ ಜಿಲ್ಲಾಧಿಕಾರಿಗಳ ಕಛೇರಿ ಸಂಕೀರ್ಣದ ಜಿಲ್ಲಾ ನಗರಾಭಿವೃದ್ಧಿ ಕೋಶದ ಗಮನಕ್ಕೆ ಲಿಖಿತವಾಗಿ ತರಬಹುದಾಗಿದ್ದು, ಅರ್ಜಿಯೊಂದಿಗೆ ಪಿ.ಐ.ಡಿ. ಸಂಖ್ಯೆ, ವಾರ್ಡು, ಕಟ್ಟಡ ನಂಬ್ರ, ಹಿಂದಿನ ಅರ್ಜಿಯ ಸ್ವೀಕೃತಿ ಪ್ರತಿ ಮತ್ತು ಕೊನೆಯ ಮೂರು ವರ್ಷಗಳ ತೆರಿಗೆ ರಶೀದಿಗಳ ನಕಲನ್ನು ಲಗತ್ತಿಸುವುದು.